ಸೀಟಿ ಹೊಡೀದ ಕುಕ್ಕರ್

ಖರೆ ಹೇಳ್ರಿ, ಇವತ್ತು ಮುಂಜಾನೆ ಕುಕ್ಕರಿನ ಸೀಟಿ ಎಷ್ಟು ಎಣಿಸಿದ್ರಿ? ಮೂರೋ, ನಾಲ್ಕೋ? ಎಣಿಕಿ ತಪ್ಪಿದ ಮ್ಯಾಲ "ಏ, ಇದು ಎರಡನೇದೋ ಮೂರನೇದೋ?" ಅಂತ ಪಡಸಾಲಿಗೆ ಕೂಗಿ ಕೇಳಿದ್ದು ಓಣಿಗೆಲ್ಲಾ ಕೇಳಿಸೇತಿ. (ಪಡಸಾಲ್ಯಾಗ ಪೇಪರ್ ಹಿಡಕೊಂಡು ಕುಂತವರು ಯಾವಾಗ ಕೇಳಿದ್ರೂ "ಮೂರು" ಅಂತಾರ. ಅವರು ಎಣಿಸಿರೋದಿಲ್ಲ.)

ನಮಗ ಪಾತ್ರಿ ಒದರಬೇಕ್ರಿ. ಒದರದ ಪಾತ್ರಿ ಮ್ಯಾಲ ನಂಬಿಕಿನ ಇಲ್ಲ. ಹಾವೇರಿ ಬಸ್‌ಸ್ಟ್ಯಾಂಡಿನಾಗ ಬೋರ್ಡು ಎಷ್ಟಾ ದೊಡ್ಡದಿರಲಿ, ಕಂಡಕ್ಟರು "ಬ್ಯಾಡಗಿ, ಬ್ಯಾಡಗಿ, ಬ್ಯಾಡಗೀ" ಅಂತ ಗಂಟಲ ಹರಕೊಳ್ಳೋತನಕ ನೀವು ಹತ್ತೋದಿಲ್ಲ. ಹತ್ತಿ ಕುಂತ ಮ್ಯಾಲೂ ಬಾಜೂದವರನ್ನ ಒಂದ್ಸಲ ಕೇಳ್ತೀರಿ. ಸುಳ್ಳೇನು?

ಇಂಥಾ ನಮ್ಮ ರಾಣೆಬೆನ್ನೂರ ಮನಿಗೆ ಹೋದ ಡಿಸೆಂಬರಿನಾಗ ಒಂದು ಮೂಕ ಕುಕ್ಕರ್ ಬಂತು. ಸೀಟಿ ಇಲ್ಲ, ಗ್ಯಾಸ್ಕೆಟ್ ಇಲ್ಲ. ಗಾಜಿನ ಮುಚ್ಚಳ, ಒಳಗ ಪಿಂಗಾಣಿ ಗಡಗಿ, ಹೊರಗ ಒಂದು ಗುಂಡಿ. ಹೆಸರು ಸ್ಲೋ ಕುಕ್ಕರ್. ತಂದವ ನಮ್ಮ ಅಕ್ಕನ ಮಗ. ಅಮೆರಿಕಾದ ನಾರ್ತ್ ಕ್ಯಾರೊಲೈನಾದಾಗ ಇರ್ತಾನ. ಮಂದಿ ರಜಕ್ಕ ಬರೂಮುಂದ ಚಾಕಲೇಟ್ ತರ್ತಾರ, ಸೆಂಟು ತರ್ತಾರ. ಇವ ಸೂಟ್‌ಕೇಸಿನ ತುಂಬ ಈ ಗಡಗಿ ತಂದ.

"ಚಿಗವ್ವಾ, ನಾಳೆ ಪುಲ್ಡ್ ಪೋರ್ಕ್ ಮಾಡೋಣು" ಅಂದ. "ಭಾಳ ಈಜಿ. ಹಂದಿ ಭುಜದ ಖಂಡ, ಖಾರ, ಸಿಹಿ ಎಲ್ಲಾ ಮುಂಜಾನೆ ಹಾಕಿಬಿಡೋದು. ಸಂಜಿಗೆ ಎರಡು ಫೋರ್ಕಿನಿಂದ ಎಳದ್ರ ಎಳಿ ಎಳಿ ಬರ್ತೈತಿ. ನಡುವ ಎಂಟು ತಾಸು ಏನೂ ಮಾಡೋದಿಲ್ಲ."

ಏನೂ ಮಾಡೋದಿಲ್ಲ! ಅದನ್ನ ಈಜಿ ಅಂತಾನ್ರೀ ಆ ಹುಡುಗ.

ಹಾಂ, ತಡೀರಿ. ಹಂದಿ ಅಂದಕೂಡ್ಲೆ ನೀವು ಮೂಗು ಮುರದದ್ದು ಕಂಡೆ. "ನಮ್ಮ ಮನ್ಯಾಗ ತಿನ್ನೋದಿಲ್ರಿ" ಅಂತೀರಿ. ಗೊತ್ತೈತಿ. ಮನ್ಯಾಗ! ಆ ಸಪ್ತಮಿ ವಿಭಕ್ತಿ ಎಷ್ಟು ಮಂದಿ ಮಾನ ಕಾದೈತಿ ಅಂತೀನಿ. ಮಡಿಕೇರಿಗೆ ಟೂರ್ ಹೋದಾಗ "ಸುಮ್ನ ರುಚಿ ನೋಡೂಣು" ಅಂತ ಪಂದಿ ಕರಿ ತರಿಸಿದವರು ಯಾರು? ಕಡಂಬುಟ್ಟಿನ ಜೋಡಿ ಎರಡನೇ ಪ್ಲೇಟ್ ಹೇಳಿದವರು ಯಾರು? ಕಾಚಂಪುಳಿ ಬಾಟ್ಲಿ ಟವೆಲ್‌ನಾಗ ಸುತ್ತಿ ಬ್ಯಾಗಿನ ತಳಕ್ಕ ಇಟ್ಟು, ಮನಿಗೆ ಬಂದು "ಅದು ಔಷಧಿ" ಅಂದವರು ಯಾರು? ನಾ ಹೆಸರು ಹೇಳೋದಿಲ್ಲ ಬಿಡ್ರಿ.

(ಖರೇನ ತಿನ್ನದವರಿಗೆ ಕೈಮುಗೀತೀನಿ. ನಿಮಗೂ ಒಂದು ದಾರಿ ಇಟ್ಟೀನಿ, ಓದಿಕೋತ ಬರ್ರಿ.)

ಇನ್ನೊಂದು ಗುಟ್ಟು ಹೇಳ್ತೀನಿ, ಹಿಂಗ ಸ್ವಲ್ಪ ಸರೀರಿ. ನೀವು ತಿನ್ನಲಿಕ್ಕಿಲ್ಲ. ಆದ್ರ ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಐತೆಲ್ಲ, ಅದು ಹಂದಿ ಜೋಡಿ ಸಂಸಾರ ಹೂಡಿ ಭಾಳ ವರ್ಷ ಆತು. ಘಟ್ಟ ಇಳದು ಮಂಗಳೂರಿಗೆ ಹೋಗ್ರಿ. ಅಲ್ಲಿಯ ಕ್ರಿಶ್ಚಿಯನ್ನರ ಮನ್ಯಾಗ ಬಾಫಾತ್ ಪುಡಿ ಅಂತ ಮಾಡ್ತಾರ. ಕೊತಂಬ್ರಿ ಬೀಜ, ಜೀರಗಿ, ಕರಿಮೆಣಸು, ಅರಿಷಿಣ ಎಲ್ಲಾ ಇರ್ತೈತಿ, ಆದ್ರ ಯಜಮಾನಿಕಿ ಬ್ಯಾಡಗಿ ಕಾಯಿದ. ಆ ಪುಡಿಯಿಂದನ ಅವರ ಹಬ್ಬದ ದುಕ್ರಾ ಮಾಸ್ ಆಗೋದು. ಕೊಂಕಣ್ಯಾಗ ದುಕೋರ್ ಅಂದ್ರ ಹಂದಿ. ನಿಮ್ಮೂರ ಮಗಳು ಯಾವ ಮನಿಗೆ ಸೊಸಿಯಾಗಿ ಹೋಗ್ಯಾಳ ಅಂತ ಈಗರೆ ತಿಳೀತಿಲ್ಲೋ?

ಹುಡುಗ ತನ್ನ ಬ್ಯಾಗಿನಿಂದ ಇನ್ನೊಂದು ಡಬ್ಬಿ ತಗದ. ಪ್ಯಾಪ್ರಿಕಾ ಪುಡಿ. ಬಣ್ಣಕ್ಕಂತ. ನನಗ ನಗು ತಡೀಲಿಲ್ಲ. "ಅಲ್ಲೋ ಮಾರಾಯಾ, ಬ್ಯಾಡಗಿ ಮಗ್ಗಲಿನ ಊರಿಗೆ ಬಣ್ಣದ ಖಾರ ತಂದೀಯಲ್ಲ, ಕಾಗಿನೆಲಿಗೆ ಹೋಗಿ ಕನಕದಾಸರ ಕೀರ್ತನಿ ಕಲಿಸ್ತೀನಿ ಅಂದಂಗಾತು" ಅಂದೆ. ಮರುದಿನ ಸೋಮವಾರ. ಬ್ಯಾಡಗ್ಯಾಗ ಸೋಮವಾರ, ಗುರುವಾರ ಮೆಣಸಿನಕಾಯಿ ಮಾರ್ಕೆಟ್ಟು. ಕರಕೊಂಡು ಹೋದೆ.

ಅವ ಯಾರ್ಡಿನ ಗೇಟ್ ದಾಟಿದ ಮ್ಯಾಲ ಹನ್ನೊಂದು ಸಲ ಸೀನಿದ. (ಸೀಟಿ ಎಣಿಸಿ ರೂಢಿ ನೋಡ್ರಿ, ಸೀನೂ ಎಣಿಸಿದೆ.) ಎಲ್ಲಿ ನೋಡಿದ್ರೂ ಕೆಂಪು ಚೀಲ, ಕೆಂಪು ರಾಶಿ, ಮೂಗಿಗೆ ಟವೆಲ್ ಕಟ್ಟಿಕೊಂಡ ಹಮಾಲರು. ಒಬ್ಬ ಅಜ್ಜ ಒಂದು ಕಾಯಿ ಮುರದು, ಹುಡುಗನ ಅಂಗೈಗೆ ತಿಕ್ಕಿದ. ಮದರಂಗಿ ಹಚ್ಚಿದಂಗ ಕೆಂಪಾತು. "ಇದು ಡಬ್ಬಿ. ಗಿಡ್ಡ, ದುಂಡ. ಬಣ್ಣ ಜಾಸ್ತಿ, ಖಾರ ಕಡಿಮಿ. ಅದು ನೋಡು, ಉದ್ದಂದು, ಕಡ್ಡಿ" ಅಂದ. ಮೈತುಂಬ ಸುಕ್ಕು ಬಿದ್ದ ಈ ಕಾಯಿಗೆ 2011ರಾಗ ಜಿಐ ಟ್ಯಾಗ್ ಸಿಕ್ಕೈತಿ. ಇದರ ಬಣ್ಣದ ಎಣ್ಣಿ, ಓಲಿಯೋರೆಸಿನ್ ಅಂತಾರಲ್ಲ, ಅದು ಲಿಪ್‌ಸ್ಟಿಕ್ಕಿಗೂ ಹೋಗ್ತೈತಿ. ಖಾರ ಒಲ್ಲೆ ಅನ್ನೋ ಫಾರಿನ್ ಮಂದಿ ತುಟಿಗೂ ಬ್ಯಾಡಗಿನ ಹತ್ತೇತಿ ಅನ್ನಿ.

ಅರ್ಧ ಕಿಲೋ ಡಬ್ಬಿ ಕಟ್ಟಿಸಿಕೊಂಡು ಬಂದ್ವಿ. ಖಂಡ ಹುಬ್ಬಳ್ಳಿಯಿಂದ ತರಿಸಿದ್ದು, ಎರಡು ಕಿಲೋ. ಕೊಬ್ಬಿನ ಪದರ ಇರೋ ಭುಜದ ಭಾಗಾನ ಬೇಕು ಅಂತ ಹಠ ಹಿಡದ. ಯಾಕಂದ್ರ ಅದು ದುಡಿಯೋ ಭಾಗ. ದುಡದು ದುಡದು ಒಳಗ ಅಂಟಿನಂಥಾ ನಾರು ತುಂಬಿರ್ತೈತಿ, ಕೊಲಾಜನ್ ಅಂತಾರ. ಗಡಬಡಿಸಿ ಬೇಯಿಸಿದ್ರ ಚಪ್ಪಲಿ ತಿಂದಂಗಾಗ್ತೈತಿ. 90-95 ಡಿಗ್ರಿ ಕಾವಿನಾಗ ತಾಸಾನುಗಟ್ಟಲೆ ಇಟ್ರ ಆ ಅಂಟು ಕರಗಿ ಜೆಲಾಟಿನ್ ಆಗ್ತೈತಿ, ಖಂಡ ತಾನಾ ಬಿಟ್ಟುಕೊಡ್ತೈತಿ. (ನಿಮ್ಮ ಮಾವನವರ ಕಡಿಂದ ಆಸ್ತಿ ಮಾತು ತಗಸ್ತೀರೆಲ್ಲ, ಅದಾ ಪದ್ಧತಿ.)

ಮರುದಿನ ಮುಂಜಾನೆ ಎಂಟಕ್ಕ ಎಲ್ಲಾ ತುಂಬಿ, ಸ್ವಿಚ್ ಹಚ್ಚಿದ್ವಿ. ನಾ ದೇವರಿಗೆ ಊದಿನಕಡ್ಡಿ ಬ್ಯಾರೆ ಹಚ್ಚಿದೆ.

ಹತ್ತು ನಿಮಿಷ ಆಗಿರಲಿಲ್ಲ, ಮೂಕ ಕುಕ್ಕರ್ ಮಾತಾಡಾಕ ಹತ್ತಿತು. ಮೊದಲ ಗುಂಯ್ ಅಂತು. ಆಮ್ಯಾಲ ತಳದಿಂದ ನೀಲಿ ಹೊಗಿ. ಆಮ್ಯಾಲ ಟಪ್. ಮನೀದೆಲ್ಲಾ ಕರೆಂಟು ಹೋತು. ಪಡಸಾಲಿಯಿಂದ "ಮೂರು" ಅಂತ ಕೇಳಿಸ್ತು.

ಆಗಿದ್ದಿಷ್ಟು. ಅಮೆರಿಕಾದ ಗ್ವಾಡಿ ಕೊಡೋದು 120 ವೋಲ್ಟು, ನಮ್ಮ ಗ್ವಾಡಿ ಕೊಡೋದು 230. ವೋಲ್ಟು ಎರಡು ಪಟ್ಟು ಆದ್ರ ಕಾವು ನಾಲ್ಕು ಪಟ್ಟು. ಹುಡುಗ ಪಿನ್ನಿನ ಅಡಾಪ್ಟರ್ ಹಾಕಿದ್ದ, ಅದು ಬರೇ ಪಿನ್ನು ಬದಲು ಮಾಡ್ತೈತಿ, ವೋಲ್ಟು ಇಳಸೋದಿಲ್ಲ. ನಿಧಾನ ಕುಕ್ಕರ್ ನಮ್ಮೂರ ಕರೆಂಟು ಕುಡದು ಗಡಬಡಿ ಕುಕ್ಕರ್ ಆತು, ಆಗಿ ಸತ್ತಹೋತು. ಅವ ಓದಿದ್ದೇನು ಅಂತ ಕೇಳಬ್ಯಾಡ್ರಿ. (ಎಲೆಕ್ಟ್ರಾನಿಕ್ಸ್. ಡಿಸ್ಟಿಂಕ್ಷನ್.)

ಈಗ ನೀವು ನಗಾಕ ಹತ್ತೀರಿ. ನಿಮ್ಮ ಅಟ್ಟದ ಮ್ಯಾಲ ಏನೇನೈತಿ, ತಗೀಲೇನು? ರೊಟ್ಟಿ ಮೇಕರ್. ಎರಡು ಸಲ ಬಳಸಿದ ಜ್ಯೂಸರ್. ಮಗಳು ಆನ್‌ಲೈನಿನಾಗ ತರಿಸಿದ ಏರ್ ಫ್ರೈಯರ್, ಅದರೊಳಗ ಈಗ ರಬ್ಬರ್ ಬ್ಯಾಂಡು, ಹಳೇ ಬಿಲ್ಲು, ಲಗ್ನಪತ್ರಿ. ನಮ್ಮದರೆ ಸುಟ್ಟಹೋತು, ಲೆಕ್ಕ ಮುಗೀತು. ನಿಮ್ಮವು ಚಲೋ ಅದಾವು ಅನ್ನೋದಾ ದೊಡ್ಡ ದುಃಖ.

ಹುಡುಗ ಮಾರಿ ಸಣ್ಣದು ಮಾಡಿಕೊಂಡು ಆ ಕುಕ್ಕರಿನ ಪುರಾಣ ಹೇಳಾಕ ಹತ್ತಿದ. ಅರ್ವಿಂಗ್ ನ್ಯಾಕ್ಸನ್ ಅಂತ ಒಬ್ಬ ಯಹೂದಿ ಎಂಜಿನಿಯರ್, 1940ರಾಗ ಇದರ ಪೇಟೆಂಟ್ ಪಡದನಂತ. ಅವನ ಅವ್ವ ಲಿಥುವೇನಿಯಾದ ತಮ್ಮೂರ ಕಥಿ ಹೇಳ್ತಿದ್ದಳಂತ. ಸಬ್ಬತ್ ದಿನ ಯಹೂದಿಗಳು ಒಲಿ ಹಚ್ಚಂಗಿಲ್ಲ. ಅದಕ್ಕ ಶುಕ್ರವಾರ ಸಂಜಿಗೇ ಊರ ಬೇಕರಿಯ ಒಲ್ಯಾಗ ಗಡಗಿ ಇಟ್ಟು ಬರ್ತಿದ್ರು, ರಾತ್ರೆಲ್ಲಾ ಆರೋ ಕಾವಿನಾಗ ಕಾಳು, ಖಂಡ ಬೇಯ್ತಿತ್ತು. ಚೋಲೆಂಟ್ ಅಂತ ಅದರ ಹೆಸರು. 1970ರಾಗ ರೈವಲ್ ಕಂಪನಿ ಇವನ ಕಂಪನಿ ಕೊಂಡು, ಮುಂದಿನ ವರ್ಷ ಕ್ರಾಕ್‌ಪಾಟ್ ಅಂತ ಹೆಸರಿಟ್ಟು ಮಾರಿತು. ತಮಾಷಿ ನೋಡ್ರಿ, ಹಂದಿ ಮುಟ್ಟದ ಮಂದಿಯ ಅಡಗಿ ನೋಡಿ ಹುಟ್ಟಿದ ಪಾತ್ರಿ, ಇವತ್ತು ಅಮೆರಿಕಾದಾಗ ಹಂದಿ ಬೇಯಿಸಾಕ ಹೆಸರುವಾಸಿ.

ನಮ್ಮ ಅವ್ವ ಇದೆಲ್ಲಾ ಜಪಮಾಲಿ ಹಿಡಕೊಂಡು ಕೇಳಿದ್ಲು. "ಬೆಂಕಿ ಆರೂಮುಂದ ಗಡಗಿ ಇಡೋದಕ್ಕ ಎಂಜಿನಿಯರ್ ಬೇಕೇನಾ?" ಅಂದ್ಲು. "ನಾವು ಹಾಲು ಹೆಂಗ ಕಾಸ್ತಿದ್ವಿ?"

ನೆನಪಾತಿಲ್ಲೋ ನಿಮಗ? ಕುಳ್ಳಿನ ಕೆಂಡದ ಮ್ಯಾಲ ಮಣ್ಣಿನ ಗಡಗಿ. ಮುಂಜಾನೆ ಇಟ್ಟ ಹಾಲು ಮಧ್ಯಾಹ್ನಕ್ಕ ನಸುಗೆಂಪು, ಮ್ಯಾಲ ರೊಟ್ಟಿಯಷ್ಟು ದಪ್ಪ ಕೆನಿ. ಆ ಕೆನಿ ಕದ್ದು ತಿಂದು ಬೆಕ್ಕಿನ ಮ್ಯಾಲ ಹಾಕಿದವರೂ ನೀವಾ. ಬೆಕ್ಕಿಗೆ ಬಾಯಿಲ್ಲ, ಉಳದ್ರಿ.

ಹಾಲಿನ ಗಡಗಿ ಮಾತ್ರ ಅವ್ವ ಕೊಡಲಿಲ್ಲ. ಕೇಳಿದ್ದಕ್ಕ ಆಕಿ ನೋಡಿದ ನೋಟಕ್ಕ ನಾನಾ ಅರ್ಧ ಬೆಂದೆ. ಹಿತ್ತಲದ ಬೋಗಾಣಿ ಇಳಸಿದೆ. ಏ, ಹಿತ್ತಲದ ಬೋಗಾಣಿ ಅಂದ್ರ ಗೊತ್ತಾಗಲಿಲ್ಲ ಅನ್ನಬ್ಯಾಡ್ರಿ! ನಿಮ್ಮ ಮನ್ಯಾಗೂ ಐತಿ. ಬಚ್ಚಲ ಗ್ವಾಡಿಗೆ ಮೊಳಿ ಹೊಡದು ತೂಗುಹಾಕಿದ್ದು, ದಪ್ಪ ತಳದ್ದು, ಒಳಗ ಬರಾಕ ಪರ್ಮಿಷನ್ ಇಲ್ಲದ್ದು. ಅದು ಅಲ್ಲೈತಿ ಅನ್ನೋದು ಮನೀ ಎಲ್ಲಾರಿಗೂ ಗೊತ್ತು, ಅದು ಎದಕ್ಕೈತಿ ಅನ್ನೋದು ಯಾರಿಗೂ ಗೊತ್ತಿಲ್ಲ.

ಅಳತಿ ಬರಕೊಳ್ರಿ. (ಬರಕೊಳ್ಳೋದಿಲ್ಲ ಅಂದವರ ಕೈಯಾಗಿನ ಪೆನ್ನು ಕಾಣಾಕ ಹತ್ತೈತಿ.) ಹದಿನೈದು ಡಬ್ಬಿ ಕಾಯಿ ಬೀಜ ಕೊಡವಿ ಬಿಸಿನೀರಾಗ ನೆನೆಹಾಕ್ರಿ. ಹತ್ತು-ಹನ್ನೆರಡು ಬೆಳ್ಳೊಳ್ಳಿ ಎಸಳು, ಒಂದು ಚಮಚ ಜೀರಗಿ, ಅರ್ಧ ಚಮಚ ಕರಿಮೆಣಸು ಕೂಡಿಸಿ ನುಣ್ಣಗ ರುಬ್ಬ್ರಿ. ಲಿಂಬಿಹಣ್ಣಿನ ಗಾತ್ರ ಹುಣಚಿಹಣ್ಣಿನ ರಸ, ಎರಡು ಚಮಚ ವಿನೆಗರ್, ಮೂರು ಟೊಮೆಟೊ, ಮೂರು ಚಮಚ ಉಪ್ಪು, 150 ಗ್ರಾಂ ಬೆಲ್ಲ. ತಳಕ್ಕ ಮೂರು ದೊಡ್ಡ ಉಳ್ಳಾಗಡ್ಡಿ ಹೆಚ್ಚಿ ಹಾಸ್ರಿ, ಮ್ಯಾಲ ಖಂಡ, ಅದರ ಮೈತುಂಬ ಖಾರ. ನೀರು ಅರ್ಧ ಬಟ್ಟಲ ಸಾಕು, ಖಂಡನ ನೀರು ಬಿಡ್ತೈತಿ.

"ಖಂಡಕ್ಕ ಬೆಲ್ಲ ಏನ್ರೀ?" ಅಂತ ಹುಬ್ಬು ಏರಿಸಿದ್ರಿ. ಹೋಳಿಗಿ ಕಟ್ಟಿನ ಸಾರಿಗೆ ಬೆಲ್ಲ ಯಾರು ಹಾಕ್ತಾರ? ಬದನಿಕಾಯಿ ಎಣಗಾಯಿಗೆ ಚಿವುಟಿ ಚಿವುಟಿ ಹಾಕೋರು ಯಾರು? ಅಮೆರಿಕಾದವರು ಬಾರ್ಬೆಕ್ಯೂ ಸಾಸ್ ಅಂತ ಬಾಟ್ಲ್ಯಾಗ ಮಾರೋದು ಏನಂದ್ಕೊಂಡ್ರಿ, ಹುಳಿ, ಸಿಹಿ, ಖಾರ ಅಷ್ಟಾ. ನಮ್ಮ ಹುಣಚಿ-ಬೆಲ್ಲದ ಚಟ್ನಿ ಪ್ಯಾಂಟು ಹಾಕ್ಕೊಂಡು ನಿಂತೈತಿ. ಹುಡುಗ ಇರೋ ನಾರ್ತ್ ಕ್ಯಾರೊಲೈನಾದ ಪೂರ್ವದ ಕಡಿ ಬರೇ ವಿನೆಗರ್-ಮೆಣಸು, ಕಾನ್ಸಾಸ್ ಸಿಟಿ ಕಡಿ ಟೊಮೆಟೊ, ಕಾಕಂಬಿ ಹಾಕಿ ಸಿಹಿ. ಯಾವುದು ಖರೇದು ಅಂತ ಅಲ್ಲೂ ಜಗಳ ಅದಾವಂತ. ನಮ್ಮ ಗಿರ್ಮಿಟ್ಟಿನ ಜಗಳದಂಗ.

ಹಿತ್ತಲ ಒಲಿ ಹಚ್ಚಿ, ಒಂದು ಕುದಿ ಬರಿಸಿ, ಉರಿ ಎಳದು, ಕೆಂಡದ ಮ್ಯಾಲ ಬಿಟ್ವಿ. ಒಂಬತ್ತೂವರಿ. ಇಲ್ಲಿತನಕ ಎಲ್ಲಾ ಸುರಳೀತ. ಇನ್ನ ಶುರುವಾತು ನೋಡ್ರಿ ಕಷ್ಟದ ಕೆಲಸ, ಏನೂ ಮಾಡದ ಕೆಲಸ.

ಹತ್ತಕ್ಕ ನಾನು ಮುಚ್ಚಳ ತಗದೆ. ಸುಮ್ನ, ತಳ ಹಿಡದೈತೇನೋ ಅಂತ. ಹತ್ತೂಕಾಲಿಗೆ ನಮ್ಮ ಮನಿಯವರು ತಗದ್ರು, ನಾ ಸರಿಯಾಗಿ ಮುಚ್ಚೀನೋ ಇಲ್ಲೋ ಅಂತ. ಹತ್ತೂವರಿಗೆ ಅಕ್ಕ, ಉಪ್ಪು ನೋಡಾಕ. (ಹಸಿ ಹಂದಿ ರಸದ ಉಪ್ಪು ನೋಡ್ತಾರೇನ್ರೀ? ಕೈ ಹಿಡದೆ.) ಒಂದ್ಸಲ ಮುಚ್ಚಳ ಎತ್ತಿದ್ರ ಇಪ್ಪತ್ತು ನಿಮಿಷದ ಕಾವು ಹಾರಿಹೋಗ್ತೈತಿ ಅಂತ ಹುಡುಗ ಹೊಯ್ಕೊಂಡ. ಆ ಲೆಕ್ಕದಾಗ ನಮ್ಮ ಅಡಗಿ ಹಿಂದಕ್ಕ ನಡದಿತ್ತು, ಶುರು ಮಾಡಿದ್ದಕ್ಕಿಂತ ಹಸಿ ಆಗ್ತಿತ್ತು.

ನೀವಾಗಿದ್ರ ಎತ್ತತಿರಲಿಲ್ಲ ಅಂತೀರೇನು? ನೀವು! ಪೋಸ್ಟಿಗೆ ಹಾಕಿದ ರಾಖಿ ಮುಟ್ಟೇತೋ ಇಲ್ಲೋ ಅಂತ ಪೋಸ್ಟ್‌ಮನ್ ಚೀಲದಾಗ ಹಣಿಕಿ ಹಾಕಿದವರು. ಕುಂಡ್ಯಾಗ ಬೀಜ ಹಾಕಿ ಮರುದಿನ ಬೆರಳಿಂದ ಕೆದರಿ ಮೊಳಕಿ ನೋಡಿದವರು. ವಾಟ್ಸಾಪಿನಾಗ ಮೆಸೇಜ್ ಕಳಿಸಿ, ನೀಲಿ ಗೆರಿ ಬರೋದ್ರಾಗ ಫೋನ್ ಹಚ್ಚಿ "ಮೆಸೇಜ್ ನೋಡಿದ್ಯೇನು?" ಅನ್ನೋರು. ನಿಮ್ಮ ಕೈಗೆ ಗಾಜಿನ ಮುಚ್ಚಳ ಕೊಟ್ಟ ಕಂಪನಿಯವರಿಗೆ ನಿಮ್ಮ ಬಗ್ಗೆ ಅಂದಾಜಿತ್ತು ಅನ್ಸತೈತಿ. ತಗೀದಾ ನೋಡ್ಲಿ ಅಂತ.

ಕಡೀಕ ಹುಡುಗ ಜ್ವಾಳದ ಹಿಟ್ಟು ನಾದಿ ಮುಚ್ಚಳದ ಸುತ್ತ ಮೆತ್ತಿಬಿಟ್ಟ. ಸೀಲ್. ಮ್ಯಾಲ ಒಂದು ಒಳಕಲ್ಲಿನ ಗುಂಡು. ಮನಿಯವರು ಮೂರು ಸಲ ಅದರ ಸುತ್ತ ಪ್ರದಕ್ಷಿಣಿ ಹಾಕಿ, "ಒಂದು ಸೀಟಿನೂ ಇಲ್ಲಲ್ಲೋ ತಮ್ಮಾ, ಬೆಂದದ್ದು ಹೆಂಗ ತಿಳೀಬೇಕು?" ಅಂದ್ರು. "ಕಾಕಾ, ನಾಕೂವರಿಗೆ ತಿಳೀತೈತಿ" ಅಂದ. ಗಡಿಯಾರ ನೋಡಿ ಅಡಗಿ ಮಾಡೋದು ಅವರಿಗೆ ಹಿಡಸಲಿಲ್ಲ.

ಮೂರಕ್ಕ ವಾಸನಿ ಎದ್ದಿತು. ಬೆಲ್ಲ ಕರಗಿ ಕಂದಿದ ವಾಸನಿ, ಬ್ಯಾಡಗಿ ಖಾರದ ವಾಸನಿ. ಕಂಪೌಂಡಿನ ಮ್ಯಾಲೆ ಬಾಜೂ ಮನಿಯವರ ಮಾರಿ ಕಾಣಿಸ್ತು. "ಏನ್ರೀ ವೈನಿ, ಭಾಳ ಚಲೋ ವಾಸನಿ. ಕುರೀನೇನ್ರೀ?" "ಅಲ್ರೀ, ಹಂದಿ." ಅರ್ಧ ನಿಮಿಷ ಸುಮ್ನಿದ್ರು. ಆಮ್ಯಾಲ ದನಿ ಇಳಿಸಿ, "ಹಂಗಾರ ಬರೇ ರಸ ಒಂದು ಬಟ್ಟಲ ಕೊಡ್ರಿ, ರಸಕ್ಕೇನು" ಅಂದ್ರು. (ಅವರು ನೀವಲ್ಲ ತಾನ? ಸುಮ್ನ ಕೇಳಿದೆ.)

ನಾಕೂವರಿಗೆ ಹಿಟ್ಟು ಒಡದ್ವಿ. ಮ್ಯಾಲ ಕೆಂಪು ಎಣ್ಣಿ ತೇಲ್ತಿತ್ತು, ಅದನ್ನ ಸೌಟಿನಿಂದ ತಗದ್ವಿ. ಖಂಡಕ್ಕ ಎರಡು ಚಮಚ ಚುಚ್ಚಿ ಎಳದ್ರ, ಅರಳಿ ನೂಲಿಗೆ ಬಂದಂಗ ಎಳಿ ಎಳಿ ಬಿಚ್ಚಿತು. ರಸ ಬ್ಯಾರೆ ಕುದಿಸಿ ಗಟ್ಟಿ ಮಾಡಿ ಮ್ಯಾಲ ಸುರವಿದ್ವಿ. ಹುಡುಗಗ ಬನ್ನು ಬೇಕಿತ್ತು. ನಾವು ಆಗಷ್ಟ ಬಡದ ಬಿಸಿ ಜ್ವಾಳದ ರೊಟ್ಟ್ಯಾಗ ಸುತ್ತಿ, ಹಸಿ ಉಳ್ಳಾಗಡ್ಡಿ, ಸವತಿಕಾಯಿ ಇಟ್ಟು ಕೊಟ್ವಿ. ಮಾತಾಡಲಿಲ್ಲ. ನಾಕು ತಿಂದ.

ಈಗ ನಿಮ್ಮ ಪಾಳಿ. ಕುಕ್ಕರ್ ಇಲ್ಲೇ ಕೊಳ್ಳೋದಾದ್ರ 230 ವೋಲ್ಟಿಂದು ಕೊಳ್ರಿ. ಲೋ ಇಟ್ರ ಎಂಟರಿಂದ ಹತ್ತು ತಾಸು, ಹೈ ಇಟ್ರ ಐದಾರು. 250 ವ್ಯಾಟಿನ ಕುಕ್ಕರ್ ಎಂಟು ತಾಸು ನಡದ್ರೂ ಎರಡು ಯುನಿಟ್ ದಾಟೋದಿಲ್ಲ, ಬಿಲ್ಲಿಗೆ ಹೆದರಬ್ಯಾಡ್ರಿ. ಹೆದರೋದಾದ್ರ ಕರೆಂಟು ಹೋಗೋದಕ್ಕ ಹೆದರ್ರಿ. ಹೋದಕೂಡ್ಲೆ ಗ್ಯಾಸಿಗೆ ದಾಟಿಸ್ರಿ. ಅರ್ಧ ಬೆಂದ ಖಂಡ ಉಗುರುಬೆಚ್ಚಗ ಎರಡು ತಾಸು ಕುಂತ್ರ ಚೆಲ್ಲಬೇಕು, ಅಲ್ಲಿ ಜಿಪುಣತನ ನಡಿಯಂಗಿಲ್ಲ. ಬರ್ಫದಾಗಿನ ಖಂಡ ಹಂಗಾ ಹಾಕಬ್ಯಾಡ್ರಿ, ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಯಾಗ ಇಟ್ಟು ಕರಗಿಸ್ರಿ. ಹಂದಿ ಒಲ್ಲದವರು ಕುರಿ ಮುಂಗಾಲಿನ ಭುಜದ ಖಂಡ ಹಾಕ್ರಿ. ಖಂಡನ ಒಲ್ಲದವರು ಶಿರಸಿ ಕಡಿಂದ ಎಳೇ ಹಲಸು ತರಿಸಿ, ಅದಾ ಖಾರ, ಅದಾ ಬೆಲ್ಲ ಹಾಕಿ ಎರಡು ತಾಸು ಇಡ್ರಿ; ಅದೂ ಎಳಿ ಎಳಿನ ಬರ್ತೈತಿ. ಅವ್ವಗ ಹಂಗಾ ಮಾಡಿಕೊಟ್ಟೆ. ಹಾಲಿನ ಗಡಗಿ ಮಗ್ಗಲಕ್ಕ ಕುಂತು ತಿಂದ್ಲು.

ಇನ್ನ ಗರಂ ಮಸಾಲಿ ಒಂಚೂರು, ಕೊಬ್ರಿ ಒಂಚೂರು, ಗೋಡಂಬಿ ನಾಕು ಅಂತ ಸೇರಸಾಕ ಹೋಗಬ್ಯಾಡ್ರಿ. ನಿಮ್ಮ ಕೈ ತುರಸ್ತೈತಿ ಅಂತ ಗೊತ್ತು, ಆ ಕೈಯಿಂದ ಉಳ್ಳಾಗಡ್ಡಿ ಹೆಚ್ಚ್ರಿ.

ಬರೂ ರವಿವಾರ ಮತ್ತ ಹಿತ್ತಲ ಒಲಿ ಹಚ್ಚವರಿದೀವಿ. ಬಾಜೂ ಮನಿಯವರು ಆಗಲೇ ಬಟ್ಟಲ ಕಳಿಸ್ಯಾರ. ನೀವೂ ಬರ್ರಿ, ನಾಕೂವರಿಗೆ ಬರ್ರಿ, ಬರೂಮುಂದ ರೊಟ್ಟಿ ಕಟ್ಟಿಕೊಂಡು ಬರ್ರಿ. ಮುಂಜಾನೆ ಮಾತ್ರ ಬರಬ್ಯಾಡ್ರಿ. ಮುಚ್ಚಳ ಎತ್ತಾಕ ಮನ್ಯಾಗ ನಾವಾ ಮೂರು ಮಂದಿ ಅದೀವಿ.